ಸಿಲ್ಲೋಡಿನ ಲಾಟು, ಹೊಳಲ್ಕೆರೆಯ ಸರದಿ: ಜಾವಾಸ್ಕ್ರಿಪ್ಟ್ ಪಟ್ಟಿಗಳ ಒಳಗುಟ್ಟು

ಛತ್ರಪತಿ ಸಂಭಾಜಿನಗರದಿಂದ ಅಜಂತಾ ದಾರಿ ಹಿಡಿದು ಜಳಗಾಂವದ ಕಡೆ ಹೊರಟವರಿಗೆ ನಡುವೆ ಸಿಗುವ ದೊಡ್ಡ ಪೇಟೆ ಸಿಲ್ಲೋಡ್. ಹತ್ತಿ, ಮೆಕ್ಕೆಜೋಳದ ಜೊತೆಗೆ ಹಸಿಮೆಣಸಿನಕಾಯಿಗೂ ಹೆಸರಾದ ತಾಲ್ಲೂಕು ಇದು. ಗುಹೆಗಳಿಗೆ ತನ್ನ ಹೆಸರು ಕೊಟ್ಟ ಅಜಂತಾ ಊರು ಈ ತಾಲ್ಲೂಕಿಗೇ ಸೇರಿದೆ. ಮಗ್ಗುಲಿನ ತಾಲ್ಲೂಕಿನ ಹೆಸರು ಕೇಳಿದರೆ ಕನ್ನಡಿಗರ ಕಿವಿ ನಿಮಿರುತ್ತದೆ: ಅದು ‘ಕನ್ನಡ್’. ಅದೇ ಜಿಲ್ಲೆಯ ಖುಲ್ತಾಬಾದ್ ತಾಲ್ಲೂಕಿನಲ್ಲಿ ಎಲ್ಲೋರಾ ಇದೆ, ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯ ಇದೆ.

ಜಿಲ್ಲೆಯಲ್ಲಿ ಒಟ್ಟು 9 ತಾಲ್ಲೂಕುಗಳು. ಸಿಲ್ಲೋಡ್, ಸೋಯಗಾಂವ್, ಕನ್ನಡ್, ಖುಲ್ತಾಬಾದ್, ಫುಲಂಬ್ರಿ, ಛತ್ರಪತಿ ಸಂಭಾಜಿನಗರ, ಗಂಗಾಪುರ, ವೈಜಾಪುರ, ಪೈಠಣ್. ಈ ಒಂಬತ್ತು ಹೆಸರುಗಳನ್ನು ಒಂದು ವೆಬ್ ಪುಟದೊಳಗೆ ಸಾಲಾಗಿ ಇಟ್ಟರೆ ಅದು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ‘ಅರೇ’. ಮೊದಲನೆಯದಕ್ಕೆ 0, ಎರಡನೆಯದಕ್ಕೆ 1, ಕೊನೆಯದಕ್ಕೆ 8 ಎಂದು ಕ್ರಮಸಂಖ್ಯೆ ಬೀಳುತ್ತದೆ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಎನ್ನಲು ‘ಸಾರ್ಟ್’ ಎಂಬ ಒಂದು ಮಾತು ಸಾಕು. ಕನ್ನಡ್, ಖುಲ್ತಾಬಾದ್, ಗಂಗಾಪುರ, ಛತ್ರಪತಿ ಸಂಭಾಜಿನಗರ, ಪೈಠಣ್, ಫುಲಂಬ್ರಿ, ವೈಜಾಪುರ, ಸಿಲ್ಲೋಡ್, ಸೋಯಗಾಂವ್ ಎಂದು ಕನ್ನಡ ಲಿಪಿಯ ಹೆಸರುಗಳು ಸರಿಯಾಗಿಯೇ ಬಂದು ನಿಲ್ಲುತ್ತವೆ. ಪುಟ ಬರೆದವರಿಗೆ ಸಮಾಧಾನ. ಆದರೆ ಈ ಪಟ್ಟಿ ಸರಿಯಾಗಿ ಬಂದದ್ದು ಅದರಲ್ಲಿ ಒಂದು ಅಕ್ಷರ ಇಲ್ಲದ ಕಾರಣಕ್ಕೆ ಮಾತ್ರ. ಆ ಅಕ್ಷರ ಯಾವುದು ಎಂಬುದಕ್ಕೆ ಮುಂದೆ ಬರೋಣ.

ಕೃಷಿ ಮಾರುಕಟ್ಟೆಯ ವಹಿವಾಟು ಪರದೆಗೆ ಬಂದು ಬಹಳ ಕಾಲವಾಯಿತು. ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಶುರುವಾಯಿತು. ಕೇಂದ್ರದ ಇಂಥದೇ ವೇದಿಕೆ ಇ–ನಾಮ್ 2016ರ ಏಪ್ರಿಲ್ 14ರಂದು ಚಾಲನೆ ಪಡೆಯಿತು. ಬ್ಯಾಡಗಿಯ ಒಣಮೆಣಸಿನಕಾಯಿಯಾಗಲಿ, ಸಿಲ್ಲೋಡಿನ ಹಸಿಮೆಣಸಿನಕಾಯಿಯಾಗಲಿ, ಧಾರಣೆಯ ಪುಟದಲ್ಲಿ ಕಾಣುವುದು ಒಂದೇ ಬಗೆಯ ಸಾಲುಗಳು: ಆವಕ ಎಷ್ಟು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಮಾದರಿ ಬೆಲೆ ಎಷ್ಟು. ಬ್ರೌಸರ್‌ನ ಒಳಗೆ ಓಡುವ ಭಾಷೆ ಜಾವಾಸ್ಕ್ರಿಪ್ಟ್ ಆದ್ದರಿಂದ ಇಂಥ ಸಾಲುಗಳನ್ನು ಆರಿಸುವುದು, ಕೂಡುವುದು, ಮೇಲೆ ಕೆಳಗೆ ಮಾಡುವುದು ಹೆಚ್ಚಾಗಿ ಅರೇ ಮೆಥಡ್‌ಗಳ ಪಾಲಿಗೆ ಬರುತ್ತದೆ. ಭಾಷೆಯ ಜೊತೆಗೇ ಬರುವ ಸಿದ್ಧ ಕೆಲಸಗಾರರು ಇವರು. ಹೊರಗಿನಿಂದ ಏನನ್ನೂ ತಂದು ಸೇರಿಸಬೇಕಿಲ್ಲ.

ಈ ಮೆಥಡ್‌ಗಳು ಒಂದೇ ದಿನ ಹುಟ್ಟಿದವಲ್ಲ. ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ಈ ಭಾಷೆಯ ಮೊದಲ ರೂಪ ಕಟ್ಟಿದರು. ಮರುವರ್ಷದ ಬ್ರೌಸರ್‌ನಲ್ಲಿ ಅರೇಗೆ ಇದ್ದದ್ದು ಜೋಡಿಸುವ, ತಿರುವುಮುರುವು ಮಾಡುವ, ಎಲ್ಲವನ್ನೂ ಒಂದು ಸಾಲಿನ ಪಠ್ಯವಾಗಿ ಹೆಣೆಯುವ ಮೆಥಡ್‌ಗಳು ಮಾತ್ರ. ಕೊನೆಗೆ ಸೇರಿಸುವ ‘ಪುಶ್’, ಕೊನೆಯದನ್ನು ತೆಗೆಯುವ ‘ಪಾಪ್’, ನಡುವೆ ಕತ್ತರಿಸುವ ‘ಸ್ಪ್ಲೈಸ್’ 1999ರ ಡಿಸೆಂಬರ್‌ನ ಎಕ್ಮಾಸ್ಕ್ರಿಪ್ಟ್ 3ರ, ಅಂದರೆ ಈ ಭಾಷೆಯ ಶಿಷ್ಟ ಗ್ರಂಥದ ಮೂರನೆಯ ಆವೃತ್ತಿಯ, ಹೊತ್ತಿಗೆ ಶಿಷ್ಟವಾದವು. ಇವತ್ತು ಎಲ್ಲರ ಬಾಯಲ್ಲಿರುವ ‘ಮ್ಯಾಪ್’, ‘ಫಿಲ್ಟರ್’, ‘ರೆಡ್ಯೂಸ್’ ಶಿಷ್ಟ ಗ್ರಂಥಕ್ಕೆ ಸೇರಲು ಇನ್ನೂ ಹತ್ತು ವರ್ಷ ಹಿಡಿಯಿತು. ಅವು ಬಂದದ್ದು 2009ರ ಎಕ್ಮಾಸ್ಕ್ರಿಪ್ಟ್ 5ರಲ್ಲಿ.

ಈ ಮೂರೂ ಏನು ಮಾಡುತ್ತವೆ ಎಂಬುದನ್ನು ಮಾರಾಟಕ್ಕೆ ಬಂದ ಮೆಣಸಿನಕಾಯಿ ರಾಶಿಗಳ, ಅಂದರೆ ಲಾಟುಗಳ, ಮೇಲೆಯೇ ನೋಡಬಹುದು. ಅಂಧಾರಿಯಿಂದ 10 ಕ್ವಿಂಟಲ್, ದರ 4000 ರೂಪಾಯಿ. ಭರಾಡಿಯಿಂದ 2 ಕ್ವಿಂಟಲ್, ದರ 6000. ಅಜಂತಾದಿಂದ 8 ಕ್ವಿಂಟಲ್, ದರ 3500. ಊರುಗಳು ಸಿಲ್ಲೋಡ್ ತಾಲ್ಲೂಕಿನವು. ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ಪೇಟೆಯ ಧಾರಣೆಯಲ್ಲ. ‘ಫಿಲ್ಟರ್’ಗೆ ‘4000ಕ್ಕೆ ಕಡಿಮೆ ಇಲ್ಲದ್ದು’ ಎಂಬ ಷರತ್ತು ಕೊಟ್ಟರೆ ಅಂಧಾರಿ, ಭರಾಡಿಯ ಸಾಲುಗಳಿರುವ ಹೊಸ ಪಟ್ಟಿ ಸಿಗುತ್ತದೆ. ‘ಮ್ಯಾಪ್’ಗೆ ‘ತೂಕವನ್ನು ದರದಿಂದ ಗುಣಿಸು’ ಎಂದರೆ 40000, 12000, 28000 ಎಂಬ ಮೂರು ಮೊತ್ತಗಳ ಹೊಸ ಪಟ್ಟಿ. ‘ರೆಡ್ಯೂಸ್’ ಆ ಮೂರನ್ನೂ ಒಂದೊಂದಾಗಿ ಎತ್ತಿಕೊಂಡು 80000 ಎಂಬ ಒಂದೇ ಅಂಕಿಗೆ ಇಳಿಸುತ್ತದೆ.

ಇಲ್ಲಿ ಮೆಥಡ್ ಗೊತ್ತಿದ್ದರೆ ಸಾಲದು, ಸರಕೂ ಗೊತ್ತಿರಬೇಕು. ಮೂರು ದರಗಳನ್ನು ಕೂಡಿ ಮೂರರಿಂದ ಭಾಗಿಸಿದರೆ ಸರಾಸರಿ 4500 ಬರುತ್ತದೆ. ಆದರೆ ಪೇಟೆಗೆ ಬಂದ 20 ಕ್ವಿಂಟಲ್‌ಗೆ ಸಂದ ಹಣ 80000. ಅಂದರೆ ಕ್ವಿಂಟಲ್‌ಗೆ 4000. ಎರಡೇ ಕ್ವಿಂಟಲ್ ಒಳ್ಳೆಯ ಮಾಲಿಗೆ ಸಿಕ್ಕ 6000, ತೂಕ ನೋಡದ ಲೆಕ್ಕದಲ್ಲಿ ಇಡೀ ಪೇಟೆಯ ದರವನ್ನು 500 ರೂಪಾಯಿ ಏರಿಸಿಬಿಟ್ಟಿತು. ನಾಳೆ ಮಾಲು ತರಬೇಕೋ ಬೇಡವೋ ಎಂದು ಫೋನಿನಲ್ಲಿ ಅಂಕಿ ನೋಡಿ ನಿರ್ಧರಿಸುವ ರೈತನಿಗೆ ಈ 500 ಸಣ್ಣದಲ್ಲ. ‘ರೆಡ್ಯೂಸ್’ ಎರಡೂ ಲೆಕ್ಕಗಳನ್ನು ಅಷ್ಟೇ ನಿಷ್ಠೆಯಿಂದ ಮಾಡಿಕೊಡುತ್ತದೆ. ಯಾವುದು ಬೇಕು ಎಂಬುದನ್ನು ಬರೆಯುವವರೇ ತಿಳಿದಿರಬೇಕು.

ಪೇಟೆಗೆ ರಜೆ ಇದ್ದ ದಿನ ಪಟ್ಟಿ ಖಾಲಿ. ಖಾಲಿ ಅರೇಯ ಮೇಲೆ, ಆರಂಭದ ಬೆಲೆ ಕೊಡದೆ ‘ರೆಡ್ಯೂಸ್’ ಕರೆದರೆ ದೋಷ ಎದ್ದು ಕೆಲಸ ಅಲ್ಲೇ ನಿಲ್ಲುತ್ತದೆ. 0ಯನ್ನು ಆರಂಭವಾಗಿ ಕೊಟ್ಟರೆ ಮೊತ್ತ 0 ಎಂದು ಬರುತ್ತದೆ. ಆದರೆ ಸರಾಸರಿಗೆಂದು 0ಯನ್ನು 0ಯಿಂದ ಭಾಗಿಸಿದಾಗ ‘ಸಂಖ್ಯೆಯಲ್ಲ’ ಎಂಬರ್ಥದ ‘ನ್ಯಾನ್’ ಪರದೆಗೆ ಬರುತ್ತದೆ. ಗರಿಷ್ಠ ದರ ಹುಡುಕುವ ‘ಮ್ಯಾಥ್ ಮ್ಯಾಕ್ಸ್’ ಇನ್ನೂ ವಿಚಿತ್ರ. ಖಾಲಿ ಪಟ್ಟಿಯನ್ನು ಬಿಡಿಸಿ ಅದಕ್ಕೆ ಕೊಟ್ಟರೆ ಉತ್ತರ ಋಣ ಅನಂತ. ವಹಿವಾಟಿಲ್ಲದ ಭಾನುವಾರವನ್ನು ಮೊದಲು ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ.

ಅರೇ ಮೆಥಡ್‌ಗಳನ್ನು ಕಲಿಯುವವರು ಹೆಸರುಗಳನ್ನು ಉರು ಹೊಡೆಯುವುದಕ್ಕಿಂತ ಒಂದು ಪ್ರಶ್ನೆ ಕೇಳಿಕೊಳ್ಳುವುದು ಮೇಲು: ಇದು ಮೂಲ ಪಟ್ಟಿಯನ್ನೇ ಬದಲಿಸುತ್ತದೆಯೋ, ಹೊಸದನ್ನು ಕೊಡುತ್ತದೆಯೋ? ‘ಮ್ಯಾಪ್’, ‘ಫಿಲ್ಟರ್’, ‘ಸ್ಲೈಸ್’, ‘ಕಾನ್‌ಕ್ಯಾಟ್’ ಮೂಲವನ್ನು ಮುಟ್ಟುವುದಿಲ್ಲ. ‘ಪುಶ್’, ‘ಪಾಪ್’, ‘ಶಿಫ್ಟ್’, ‘ಅನ್‌ಶಿಫ್ಟ್’, ‘ಸ್ಪ್ಲೈಸ್’, ‘ರಿವರ್ಸ್’, ‘ಸಾರ್ಟ್’ ಮೂಲಕ್ಕೇ ಕೈ ಹಾಕುತ್ತವೆ. ‘ಸ್ಲೈಸ್’, ‘ಸ್ಪ್ಲೈಸ್’ ಎಂಬ ಎರಡು ಹೆಸರುಗಳು ಇಷ್ಟು ಹತ್ತಿರವಿದ್ದು ಸ್ವಭಾವದಲ್ಲಿ ಇಷ್ಟು ದೂರ ಇರುವುದು ಭಾಷೆಯ ದೊಡ್ಡ ಕೊರತೆಗಳಲ್ಲಿ ಒಂದು.

ಹೆಚ್ಚು ಜನ ಎಡವುವುದು ‘ಸಾರ್ಟ್’ ಹತ್ತಿರ. ಅದು ಜೋಡಿಸಿದ ಪಟ್ಟಿಯನ್ನು ಉತ್ತರವಾಗಿ ಹಿಂದಿರುಗಿಸುತ್ತದೆ, ಹಾಗಾಗಿ ಹೊಸ ಪಟ್ಟಿ ಸಿಕ್ಕಿತು ಎಂದೇ ಭಾಸವಾಗುತ್ತದೆ. ನಿಜದಲ್ಲಿ ಅದು ಹಳೆಯ ಪಟ್ಟಿಯೇ, ಸರದಿ ಬದಲಾಗಿದೆ ಅಷ್ಟೆ. ಒಂದೇ ಪುಟದಲ್ಲಿ ಎರಡು ಕೋಷ್ಟಕ ಇವೆ ಎಂದುಕೊಳ್ಳಿ: ಎಡಕ್ಕೆ ಲಾಟು ಬಂದ ಸರದಿ, ಬಲಕ್ಕೆ ದರದ ಸರದಿ. ಬಲಗಡೆಯದಕ್ಕೆ ‘ಸಾರ್ಟ್’ ಕರೆದ ಕೂಡಲೇ ಎಡಗಡೆಯದೂ ದರದ ಪ್ರಕಾರ ಬದಲಾಗುತ್ತದೆ, ಏಕೆಂದರೆ ಎರಡೂ ಕೋಷ್ಟಕಗಳು ನೋಡುತ್ತಿರುವುದು ಒಂದೇ ಅರೇಯನ್ನು. ಬೆಳಿಗ್ಗೆ ಐದಕ್ಕೆ ಬಂದು ಗಾಡಿ ನಿಲ್ಲಿಸಿದವನ ಲಾಟು ಪಟ್ಟಿಯ ಬುಡಕ್ಕೆ ಇಳಿದಿರುತ್ತದೆ. ಎಲ್ಲೂ ದೋಷದ ಸೂಚನೆ ಇಲ್ಲ, ಕೆಂಪು ಅಕ್ಷರ ಇಲ್ಲ. ಬಹುಕಾಲ ಇದಕ್ಕೆ ಉಪಾಯ ಎಂದರೆ ಮೊದಲು ‘ಸ್ಲೈಸ್’ನಿಂದ ಪ್ರತಿ ತೆಗೆದು ಆಮೇಲೆ ಜೋಡಿಸುವುದು. 2023ರ ಆವೃತ್ತಿ ಈ ಕೊರತೆಯನ್ನು ತುಂಬಿತು. ‘ಟು ಸಾರ್ಟೆಡ್’, ‘ಟು ರಿವರ್ಸ್ಡ್’, ‘ಟು ಸ್ಪ್ಲೈಸ್ಡ್’, ‘ವಿತ್’ ಎಂಬ ನಾಲ್ಕು ಹೊಸ ಮೆಥಡ್‌ಗಳು ಅದೇ ಕೆಲಸವನ್ನು ಮೂಲ ಕೆಡದಂತೆ ಮಾಡುತ್ತವೆ. ಹೊಸದಾಗಿ ಬರೆಯುವವರು ಇವುಗಳಿಂದಲೇ ಶುರು ಮಾಡುವುದು ಲೇಸು.

‘ಸ್ಪ್ಲೈಸ್’ ತರುವ ಅಪಾಯ ಇನ್ನೊಂದು ಬಗೆಯದು. ಪಟ್ಟಿಯಿಂದ ಒಂದು ಲಾಟನ್ನು ತೆಗೆಯಬೇಕು. ಅದು ಎಷ್ಟನೆಯ ಜಾಗದಲ್ಲಿದೆ ಎಂದು ‘ಇಂಡೆಕ್ಸ್ ಆಫ್’ ಕೇಳಿ, ಸಿಕ್ಕ ಸಂಖ್ಯೆಯನ್ನು ‘ಸ್ಪ್ಲೈಸ್’ಗೆ ಕೊಡುವುದು ವಾಡಿಕೆ. ಹುಡುಕಿದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ ‘ಇಂಡೆಕ್ಸ್ ಆಫ್’ ಕೊಡುವ ಉತ್ತರ -1. ‘ಸ್ಪ್ಲೈಸ್’ -1 ಎಂಬುದನ್ನು ‘ಕೊನೆಯಿಂದ ಒಂದನೆಯದು’ ಎಂದು ಓದಿಕೊಳ್ಳುತ್ತದೆ. ಹೀಗೆ ಇಲ್ಲದ ಲಾಟನ್ನು ಅಳಿಸಲು ಹೋದಾಗ ಕೊನೆಯ ರೈತನ ಲಾಟು ಕಾಣೆಯಾಗುತ್ತದೆ. ಎರಡು ಮೆಥಡ್‌ಗಳೂ ತಂತಮ್ಮ ನಿಯಮದಂತೆ ಸರಿಯಾಗಿಯೇ ನಡೆದಿವೆ. ‘ಫಿಲ್ಟರ್’ ಬಳಸಿ ‘ಈ ಲಾಟು ಬಿಟ್ಟು ಉಳಿದದ್ದು’ ಎಂದು ಕೇಳಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಇನ್ನು ದರಗಳ ಜೋಡಣೆ. 9500, 12000, 800 ಎಂಬ ಮೂರು ಸಂಖ್ಯೆಗಳ ಮೇಲೆ ಬರಿಯ ‘ಸಾರ್ಟ್’ ಕರೆದರೆ ಸಿಗುವ ಸರದಿ 12000, 800, 9500. ಮೊದಲ ಸಲ ನೋಡಿದವರಿಗೆ ಕಂಪ್ಯೂಟರಿಗೆ ಲೆಕ್ಕ ಮರೆತಿದೆ ಎನ್ನಿಸಬೇಕು. ಹೋಲಿಸುವ ನಿಯಮವನ್ನು ನಾವು ಹೇಳದಿದ್ದರೆ ‘ಸಾರ್ಟ್’ ಪ್ರತಿಯೊಂದನ್ನೂ ಪಠ್ಯವಾಗಿ ಪರಿವರ್ತಿಸಿ, ಅಕ್ಷರ ಅಕ್ಷರವಾಗಿ ಹೋಲಿಸುತ್ತದೆ. ‘1’ ಎಂಬ ಅಕ್ಷರ ‘8’ಕ್ಕಿಂತ ಮೊದಲು, ‘8’ ‘9’ಕ್ಕಿಂತ ಮೊದಲು. ಸಂಖ್ಯೆಯ ಗಾತ್ರದ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಪಟ್ಟಿಯಲ್ಲಿ ಏನು ಬೇಕಾದರೂ ಇರಬಹುದಾದ ಭಾಷೆಯಲ್ಲಿ ಎಲ್ಲಕ್ಕೂ ಒಪ್ಪುವ ಹೋಲಿಕೆ ಪಠ್ಯದ್ದು ಎಂಬ ಹಳೆಯ ತೀರ್ಮಾನ ಇದು, ಇನ್ನು ಬದಲಾಗದು. ಪರಿಹಾರ ಸುಲಭ: ಒಂದರಿಂದ ಇನ್ನೊಂದನ್ನು ಕಳೆಯುವ ಪುಟ್ಟ ಫಂಕ್ಷನ್ ಕೊಡಬೇಕು. ಉತ್ತರ ಋಣವಾದರೆ ಮೊದಲನೆಯದು ಮುಂದೆ, ಧನವಾದರೆ ಹಿಂದೆ, ಸೊನ್ನೆಯಾದರೆ ಇದ್ದಲ್ಲೇ.

ಸೊನ್ನೆಯ ಈ ‘ಇದ್ದಲ್ಲೇ’ ಎಂಬ ಮಾತಿಗೂ ಒಂದು ಚರಿತ್ರೆ ಇದೆ. ಒಂದೇ ದರದ ಎರಡು ಲಾಟುಗಳಲ್ಲಿ ಮೊದಲು ಬಂದದ್ದು ಮೊದಲೇ ಉಳಿಯಬೇಕು ಎಂದು ಯಾರಾದರೂ ಬಯಸುತ್ತಾರೆ. ಕ್ರೋಮ್ ಬ್ರೌಸರ್‌ನ ಎಂಜಿನ್ 2018ರ ತನಕ 10 ಅಥವಾ ಅದಕ್ಕಿಂತ ಕಡಿಮೆ ಸಾಲುಗಳಿಗೆ ಒಂದು ವಿಧಾನ, ಅದಕ್ಕಿಂತ ಹೆಚ್ಚಿದ್ದರೆ ಇನ್ನೊಂದು ವಿಧಾನ ಬಳಸುತ್ತಿತ್ತು. ಮೊದಲನೆಯದು ಸರದಿ ಕಾಯುತ್ತಿತ್ತು, ಎರಡನೆಯದು ಕಾಯುವ ಭರವಸೆ ಕೊಡುತ್ತಿರಲಿಲ್ಲ. ಹತ್ತು ಸಾಲು ಹಾಕಿ ಪರೀಕ್ಷಿಸಿದವರಿಗೆ ಎಲ್ಲ ಸರಿ ಕಾಣುತ್ತಿತ್ತು, ಹನ್ನೊಂದನೆಯ ಸಾಲು ಬಂದ ದಿನ ಸರದಿ ತಪ್ಪಬಹುದಿತ್ತು. ಕ್ರೋಮ್ 70ರಲ್ಲಿ ಟಿಮ್‌ಸಾರ್ಟ್ ಬಂತು. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್ ಭಾಷೆಗೆಂದು ಬರೆದ ವಿಧಾನ ಅದು. 2019ರ ಆವೃತ್ತಿಯಿಂದ ಸಮಾನವಾದವುಗಳ ಸರದಿ ಕಾಯುವುದು ಎಲ್ಲ ಬ್ರೌಸರ್‌ಗಳಿಗೂ ಕಡ್ಡಾಯವಾಯಿತು.

ದರಗಳು ಸಂಖ್ಯೆಯಾಗಿ ಬರದೆ ಪಠ್ಯವಾಗಿ ಬಂದರೆ ಏನು ಗತಿ? ನಮ್ಮ ಕಡೆ ದರ ಬರೆಯುವುದು ‘12,000’ ಎಂದು, ಅಲ್ಪವಿರಾಮ ಹಾಕಿ. ಅದನ್ನು ‘ಪಾರ್ಸ್ ಇಂಟ್’ಗೆ ಕೊಟ್ಟರೆ ಅಲ್ಪವಿರಾಮ ಕಂಡಲ್ಲಿ ಓದು ನಿಲ್ಲಿಸಿ 12 ಎನ್ನುತ್ತದೆ. ಹನ್ನೆರಡು ಸಾವಿರದ ಮಾಲು ಹನ್ನೆರಡು ರೂಪಾಯಿಗೆ ಇಳಿಯಿತು. ‘ನಂಬರ್’ಗೆ ಕೊಟ್ಟರೆ ಕನಿಷ್ಠ ‘ಸಂಖ್ಯೆಯಲ್ಲ’ ಎಂದಾದರೂ ಹೇಳುತ್ತದೆ. ‘೧೨೦೦೦’ ಎಂದು ಕನ್ನಡ ಅಂಕಿಯಲ್ಲಿ ಬರೆದದ್ದನ್ನು ಎರಡೂ ಓದುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯಾಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳು 3302ರಿಂದ 3311ರವರೆಗಿನ ಸಂಕೇತಗಳಲ್ಲಿವೆ. ಪ್ರತಿ ಅಂಕಿಯ ಸಂಕೇತದಿಂದ 3302 ಕಳೆದರೆ ನಿಜವಾದ ಬೆಲೆ ಸಿಗುತ್ತದೆ. ಕನ್ನಡ ಅಂಕಿಗಳ ದತ್ತಾಂಶ ಮುಟ್ಟುವವರು ಈ ಸಣ್ಣ ಫಂಕ್ಷನ್ ಒಂದನ್ನು ಬರೆದಿಟ್ಟುಕೊಳ್ಳುವುದು ಅಗತ್ಯ. ಬರೆಯದೆ ಹೋದರೆ ಪಟ್ಟಿಯೊಳಗೆ ‘ನ್ಯಾನ್’ ಸೇರುತ್ತದೆ. ಕಳೆಯುವ ಲೆಕ್ಕದ ಉತ್ತರವೂ ‘ನ್ಯಾನ್’ ಆಗುತ್ತದೆ, ‘ಸಾರ್ಟ್’ ಅದನ್ನು ಸೊನ್ನೆ ಎಂದು ತಿಳಿದು ಎರಡನ್ನೂ ಸಮ ಎಂದುಕೊಳ್ಳುತ್ತದೆ, ಸುತ್ತಲಿನ ಸರದಿಯೂ ಕೆಡುತ್ತದೆ.

ದರವೇ ಬರೆಯದ ಸಾಲುಗಳೂ ಇರುತ್ತವೆ. ದರಗಳ ಪಟ್ಟಿಯಲ್ಲಿ ಆ ಜಾಗದಲ್ಲಿ ‘ಅನ್‌ಡಿಫೈನ್ಡ್’ ಇದ್ದರೆ ‘ಸಾರ್ಟ್’ ಅದನ್ನು ಯಾರನ್ನೂ ಕೇಳದೆ ಕೊನೆಗೆ ಸಾಗಿಸುತ್ತದೆ. ‘ನಲ್’ ಇದ್ದರೆ ಕಳೆಯುವ ಲೆಕ್ಕದಲ್ಲಿ ಅದು 0 ಆಗಿ ಎಲ್ಲಕ್ಕಿಂತ ಅಗ್ಗದ ಲಾಟಾಗಿ ಮೇಲೆ ಬಂದು ಕೂರುತ್ತದೆ. ಎರಡೂ ‘ಏನೂ ಇಲ್ಲ’ ಎಂಬುದನ್ನೇ ಹೇಳುತ್ತವೆ, ನಿಲ್ಲುವುದು ಮಾತ್ರ ಪಟ್ಟಿಯ ಎರಡು ತುದಿಗಳಲ್ಲಿ.

‘ಮ್ಯಾಪ್’ ಮತ್ತು ‘ಪಾರ್ಸ್ ಇಂಟ್’ ಜೋಡಿಯದು ಇನ್ನೊಂದು ಪ್ರಸಿದ್ಧ ಪ್ರಸಂಗ. ‘10’, ‘10’, ‘10’ ಎಂಬ ಮೂರು ಪಠ್ಯಗಳ ಪಟ್ಟಿಗೆ ‘ಮ್ಯಾಪ್’ ಹಚ್ಚಿ ನೇರವಾಗಿ ‘ಪಾರ್ಸ್ ಇಂಟ್’ ಹೆಸರು ಕೊಟ್ಟರೆ ಬರುವ ಉತ್ತರ 10, ನ್ಯಾನ್, 2. ‘ಮ್ಯಾಪ್’ ತನ್ನ ಫಂಕ್ಷನ್‌ಗೆ ಬೆಲೆಯ ಜೊತೆಗೆ ಕ್ರಮಸಂಖ್ಯೆಯನ್ನೂ ಕಳಿಸುತ್ತದೆ. ‘ಪಾರ್ಸ್ ಇಂಟ್’ ಎರಡನೆಯದಾಗಿ ಬಂದದ್ದನ್ನು ಎಣಿಕೆಯ ಆಧಾರ ಎಂದು ತಿಳಿಯುತ್ತದೆ. ಆಧಾರ 0 ಎಂದರೆ ಹತ್ತರ ಎಣಿಕೆ. ಆಧಾರ 1 ಎಂಬುದಿಲ್ಲ. ಆಧಾರ 2ರಲ್ಲಿ 10 ಎಂದರೆ ಎರಡು. ಸಂದರ್ಶನಗಳಲ್ಲಿ ಅಭ್ಯರ್ಥಿಗಳನ್ನು ಕೆಡವಲು ಕೇಳುವ ಪ್ರಶ್ನೆಯಾಗಿ ಇದು ಉಳಿದಿರುವುದು ಬೇಸರದ ಸಂಗತಿ. ಒಂದು ಮೆಥಡ್ ಇನ್ನೊಂದಕ್ಕೆ ಏನೇನು ದಾಟಿಸುತ್ತದೆ ಎಂದು ತಿಳಿಯಲು ಇದಕ್ಕಿಂತ ಚೆನ್ನಾದ ಪಾಠ ಸಿಗಲಾರದು.

ಈಗ ಆ ಅಕ್ಷರಕ್ಕೆ ಬರೋಣ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆ, ವಿಜಯನಗರ ಜಿಲ್ಲೆಯ ಹೊಸಪೇಟೆ, ಹಾಸನ ಜಿಲ್ಲೆಯ ಹೊಳೆನರಸೀಪುರ ಎಂಬ ನಾಲ್ಕು ಹೆಸರುಗಳ ಪಟ್ಟಿ ಮಾಡಿ ಬರಿಯ ‘ಸಾರ್ಟ್’ ಕರೆದರೆ ಸಿಗುವುದು ಹೊಳಲ್ಕೆರೆ, ಹೊಳೆನರಸೀಪುರ, ಹೊಸದುರ್ಗ, ಹೊಸಪೇಟೆ. ಕನ್ನಡ ವರ್ಣಮಾಲೆ ಕಲಿತ ಯಾವ ಮಗುವೂ ಇದನ್ನು ಒಪ್ಪದು. ಯ, ರ, ಲ, ವ, ಶ, ಷ, ಸ, ಹ, ಕಟ್ಟಕಡೆಗೆ ಳ. ನಿಘಂಟಿನಲ್ಲಿ ‘ಹಸು’ವಿನ ನಂತರವೇ ‘ಹಳ್ಳಿ’. ಹೊಸದುರ್ಗ, ಹೊಸಪೇಟೆ ಮೊದಲು ಬರಬೇಕು, ಹೊಳಲ್ಕೆರೆ, ಹೊಳೆನರಸೀಪುರ ಆಮೇಲೆ. ಹೀಗೆಯೇ ಬಸವಕಲ್ಯಾಣದ ನಂತರ ಬರಬೇಕಾದ ಬಳ್ಳಾರಿ ಅದಕ್ಕಿಂತ ಮುಂದೆ ಬಂದು ನಿಲ್ಲುತ್ತದೆ.

ಕಾರಣ ‘ಸಾರ್ಟ್’ ಹೋಲಿಸುವುದು ಅಕ್ಷರವನ್ನಲ್ಲ, ಅಕ್ಷರದ ಸಂಕೇತವನ್ನು. ಯೂನಿಕೋಡ್‌ನಲ್ಲಿ ಲ 3250, ಳ 3251, ವ 3253, ಸ 3256, ಹ 3257. ಳ ಅಲ್ಲಿ ಲಕಾರದ ಮಗ್ಗುಲಲ್ಲೇ ಕೂತಿದೆ. ಹೀಗೇಕೆ ಕೂತಿತು? 1991ರಲ್ಲಿ ಬಂದ ಮೊದಲ ಯೂನಿಕೋಡ್ ಭಾರತೀಯ ಲಿಪಿಗಳ ಜೋಡಣೆಯನ್ನು ಭಾರತದ್ದೇ ಆದ ಇಸ್ಕಿ ಶಿಷ್ಟತೆಯಿಂದ ಪಡೆಯಿತು. ಎಲ್ಲ ಲಿಪಿಗಳ ಸಮಾನ ಧ್ವನಿಗಳೂ ಸಮಾನ ಸ್ಥಾನದಲ್ಲಿರಬೇಕು ಎಂಬುದು ಇಸ್ಕಿಯ ತತ್ವ. ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಾಯಿಸಲು ಅದರಿಂದ ಬಹಳ ಅನುಕೂಲ ಆಯಿತು. ಆದರೆ ಒಂದೊಂದು ಭಾಷೆಯ ವರ್ಣಮಾಲೆಯ ಕ್ರಮವನ್ನು ಕಾಯುವುದು ಆ ಕೋಷ್ಟಕದ ಕೆಲಸವಾಗಿರಲಿಲ್ಲ. ಸಂಕೇತದ ಕ್ರಮವನ್ನೇ ಅಕಾರಾದಿ ಎಂದು ನಂಬಿದ್ದು ಬಳಸಿದವರ ತಪ್ಪು.

ದೇವನಾಗರಿಗೂ ಇದೇ ಕಥೆ. ಅಲ್ಲಿಯೂ ಳಕಾರ ತನ್ನ ವಿಭಾಗದಲ್ಲಿ ಅದೇ 51ನೆಯ ಅಂತರದಲ್ಲಿದೆ, ವಕಾರಕ್ಕಿಂತ ಮೊದಲು. ಮರಾಠಿ ವರ್ಣಮಾಲೆಯಲ್ಲಾದರೋ ನಮ್ಮಂತೆಯೇ ಹಕಾರದ ನಂತರ ಳ. ಸಾಂಗಲಿ ಜಿಲ್ಲೆಯ ಕವಠೆ ಮಹಾಂಕಾಳ, ನಾಶಿಕ್ ಜಿಲ್ಲೆಯ ಕಳವಣ್ ಎರಡನ್ನೂ ಮರಾಠಿಯಲ್ಲಿ ಬರೆದು ‘ಸಾರ್ಟ್’ ಕರೆದರೆ ಕಳವಣ್ ಮುಂದೆ ಬರುತ್ತದೆ, ಬರಬೇಕಾದದ್ದು ಕವಠೆ. ಸಿಲ್ಲೋಡಿನವರ ತೊಂದರೆಯೂ ಹೊಳಲ್ಕೆರೆಯವರ ತೊಂದರೆಯೂ ಬೇರೆಯಲ್ಲ. ಆರಂಭದ ಒಂಬತ್ತು ತಾಲ್ಲೂಕುಗಳ ಪಟ್ಟಿ ಗೆದ್ದದ್ದು ಅದರಲ್ಲಿ ಒಂದೂ ಳಕಾರ ಇರಲಿಲ್ಲ ಎಂಬ ಕಾರಣಕ್ಕೆ.

ಭಾಷೆಯ ಕ್ರಮ ಕೇಳಿಪಡೆಯುವ ದಾರಿ ಇದೆ. 2012ರ ಡಿಸೆಂಬರ್‌ನಲ್ಲಿ ಬಂದ ಜೊತೆ ಶಿಷ್ಟತೆಯೊಂದು ಜಾವಾಸ್ಕ್ರಿಪ್ಟ್‌ಗೆ ‘ಇಂಟ್ಲ್ ಕೊಲೇಟರ್’ ಎಂಬ ಉಪಕರಣ ಕೊಟ್ಟಿತು. ಅದಕ್ಕೆ ಕನ್ನಡದ ಸಂಕೇತವಾದ ‘ಕೆಎನ್’ ಕೊಟ್ಟು, ಅದರ ಹೋಲಿಸುವ ಫಂಕ್ಷನ್ ಅನ್ನು ‘ಸಾರ್ಟ್’ಗೆ ದಾಟಿಸಿದರೆ ಹೊಸಪೇಟೆ ಹೊಳಲ್ಕೆರೆಗಿಂತ ಮುಂದೆ ಬರುತ್ತದೆ. ಮರಾಠಿಗೆ ‘ಎಮ್‌ಆರ್’ ಎಂಬ ಅದರದೇ ಸಂಕೇತ ಇದೆ. ಎರಡು ಪಠ್ಯಗಳನ್ನು ಹೋಲಿಸುವ ‘ಲೋಕೇಲ್ ಕಂಪೇರ್’ಗೂ ಈ ಸಂಕೇತ ಕೊಡಬಹುದು. ಆದರೆ ಸಾವಿರಾರು ಸಾಲುಗಳಿದ್ದಾಗ ಕೊಲೇಟರ್ ಅನ್ನು ಒಮ್ಮೆ ತಯಾರಿಸಿ ಮತ್ತೆ ಮತ್ತೆ ಬಳಸುವುದೇ ವೇಗ. ಅದರಲ್ಲಿ ‘ನ್ಯೂಮರಿಕ್’ ಆಯ್ಕೆ ಒತ್ತಿದರೆ ‘ಲಾಟ್ 10’ಕ್ಕಿಂತ ಮೊದಲು ‘ಲಾಟ್ 2’ ಬರುತ್ತದೆ. ಇಷ್ಟೆಲ್ಲಕ್ಕೂ ಬೇಕಾದದ್ದು ಒಂದು ಸಾಲಿನ ಬರಹ.

ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳಿಗೆ ಮಾತ್ರ ಈ ದಾರಿ ನಡೆಯದು. ಅಲ್ಲಿ ಕನ್ನಡ ಕಾಣುವುದು ಫಾಂಟಿನ ಚಿತ್ರದಲ್ಲಿ, ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಜೋಡಿಸಬೇಕು.

ಪಠ್ಯವನ್ನೇ ಅರೇ ಮಾಡಿದಾಗಲೂ ಕನ್ನಡ ತನ್ನ ಸ್ವಭಾವ ತೋರಿಸುತ್ತದೆ. ‘ಸಿಲ್ಲೋಡ್’ ಎಂಬುದನ್ನು ‘ಅರೇ ಫ್ರಮ್’ ಬಿಡಿಸಿದರೆ 8 ತುಣುಕು ಸಿಗುತ್ತವೆ: ಸ, ಗುಡಿಸು, ಲ, ವಿರಾಮ, ಇನ್ನೊಂದು ಲ, ಓತ್ವ, ಡ, ಕೊನೆಯ ವಿರಾಮ. ಇದನ್ನು ‘ರಿವರ್ಸ್’ ಮಾಡಿ ಹೆಣೆದರೆ ಪದ ಶುರುವಾಗುವುದೇ ಆಸರೆಯಿಲ್ಲದ ಒಂದು ವಿರಾಮ ಚಿಹ್ನೆಯಿಂದ. ಹೆಸರಿನ ಮೊದಲ ಮೂರು ಅಕ್ಷರ ತೋರಿಸು ಎಂದು ‘ಸ್ಲೈಸ್’ ಹಾಕಿದವರಿಗೆ ಸಿಗುವುದು ‘ಸಿಲ’. ‘ಇಂಟ್ಲ್ ಸೆಗ್ಮೆಂಟರ್’ ಗುಣಿತಾಕ್ಷರವನ್ನು ಒಡೆಯದೆ ಬಿಡಿಸಿಕೊಡುತ್ತದೆ. ಒತ್ತಕ್ಷರವನ್ನು ಮಾತ್ರ ಅದು ಓದುಗರ ಎಣಿಕೆಯಂತೆ ಒಂದೇ ಎಂದು ಹಿಡಿಯದೆ ಇರಬಹುದು. ಪದಬಂಧ, ಅಕ್ಷರದಾಟದ ಪುಟ ಮಾಡುವವರು ತಮ್ಮ ಪದಗಳನ್ನೇ ಹಾಕಿ ನೋಡಿಕೊಳ್ಳಬೇಕು.

ಹೊಸ ಮೆಥಡ್ ಒಂದನ್ನು ಭಾಷೆಗೆ ಸೇರಿಸುವುದು ಎಷ್ಟು ಕಷ್ಟ ಎಂಬುದಕ್ಕೆ 2018ರ ಒಂದು ಪ್ರಸಂಗ ಸಾಕ್ಷಿ. ಪಟ್ಟಿಯೊಳಗಿನ ಪಟ್ಟಿಗಳನ್ನು ಸಪಾಟು ಮಾಡುವ ಮೆಥಡ್‌ಗೆ ‘ಫ್ಲಾಟನ್’ ಎಂದು ಹೆಸರಿಡುವ ಯೋಚನೆ ಇತ್ತು. ಫೈರ್‌ಫಾಕ್ಸ್‌ನ ಪ್ರಾಯೋಗಿಕ ಆವೃತ್ತಿಯಲ್ಲಿ ಸೇರಿಸಿದ ಕೂಡಲೇ ಒಂದು ಜಾಲತಾಣ ಕೆಟ್ಟಿತು. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರಿನ ತನ್ನದೇ ಮೆಥಡ್ ಅನ್ನು ಅರೇಗೆ ಅಂಟಿಸಿಟ್ಟಿತ್ತು, ಅದನ್ನು ನಂಬಿದ ಹಳೆಯ ತಾಣಗಳು ಇನ್ನೂ ಬದುಕಿದ್ದವು. ‘ಸ್ಮೂಶ್’ ಎಂಬ ಬದಲಿ ಹೆಸರಿನ ಸಲಹೆ ಬಂದಾಗ ಪ್ರಪಂಚದ ಪ್ರೋಗ್ರಾಮರುಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ಕೊನೆಗೆ ‘ಫ್ಲಾಟ್’ ಎಂದು ಗಟ್ಟಿಯಾಗಿ 2019ರ ಆವೃತ್ತಿಗೆ ಸೇರಿತು. ‘ಇನ್‌ಕ್ಲೂಡ್ಸ್’ಗೆ ಮೊದಲು ‘ಕಂಟೇನ್ಸ್’ ಎಂಬ ಹೆಸರಿತ್ತು, ಅದನ್ನು ತಪ್ಪಿಸಿದ್ದೂ ಮೂಟೂಲ್ಸ್. ಊರುವಾರು ಲಾಟುಗಳನ್ನು ಗುಂಪು ಮಾಡುವ ‘ಗ್ರೂಪ್ ಬೈ’ 2024ರಲ್ಲಿ ಬಂದಾಗ ಅರೇಯ ಮೆಥಡ್ ಆಗದೆ ‘ಆಬ್ಜೆಕ್ಟ್’ನ ಜೊತೆ ಬಂದದ್ದು ಕೂಡ ಇಂಥದೇ ಹಳೆಯ ಲೈಬ್ರರಿಯೊಂದರ ಜೊತೆಗಿನ ತಿಕ್ಕಾಟದಿಂದ. ಹೊಸದಕ್ಕಾಗಿ ಹಳೆಯ ಪುಟ ಒಡೆಯಬಾರದು ಎಂಬ ಈ ಹಟ ಸರಿಯಾದದ್ದು. ಹದಿನೈದು ವರ್ಷದ ಹಿಂದೆ ಯಾರೋ ಬರೆದು ಬಿಟ್ಟುಹೋದ ಪಂಚಾಯಿತಿ ಪುಟವೊಂದು ಇವತ್ತೂ ತೆರೆಯುತ್ತಿದ್ದರೆ ಅದಕ್ಕೆ ಈ ಹಟವೂ ಕಾರಣ.

ಉಳಿದವನ್ನು ಬೇಗ ನೋಡಿಬಿಡಬಹುದು. ‘ಫೈಂಡ್’ ಷರತ್ತಿಗೆ ಒಪ್ಪುವ ಮೊದಲನೆಯದನ್ನು ಕೊಟ್ಟು ಅಲ್ಲೇ ನಿಲ್ಲುತ್ತದೆ, ಸಿಗದಿದ್ದರೆ ‘ಅನ್‌ಡಿಫೈನ್ಡ್’. ‘ಸಮ್’ ಒಂದಾದರೂ ಇದೆಯೇ ಎಂದು ಕೇಳುತ್ತದೆ, ‘ಎವ್ರಿ’ ಎಲ್ಲವೂ ಹಾಗೇ ಇವೆಯೇ ಎಂದು. ಖಾಲಿ ಪಟ್ಟಿಗೆ ‘ಎವ್ರಿ’ ಹೌದು ಎನ್ನುತ್ತದೆ ಎಂಬುದು ನೆನಪಿರಲಿ: ಒಂದೂ ಲಾಟು ಬಾರದ ದಿನ ‘ಎಲ್ಲ ಲಾಟೂ ಮಾರಾಟವಾಯಿತು’ ಎಂಬ ಸಂದೇಶ ಪುಟದಲ್ಲಿ ಹೊಳೆಯಬಹುದು. ‘ಫಾರ್ ಈಚ್’ ಒಮ್ಮೆ ಹೊರಟರೆ ನಡುವೆ ನಿಲ್ಲಿಸಲು ಸಲೀಸಾದ ದಾರಿ ಇಲ್ಲ, ಕಾಯಬೇಕಾದ ಕೆಲಸಗಳಿಗಾಗಿ ಅದು ಕಾಯುವುದೂ ಇಲ್ಲ. ಅಂಥ ಕಡೆ ‘ಫಾರ್ ಆಫ್’ ಸುತ್ತು ವಾಸಿ. ಕೊನೆಯದು ಬೇಕಾದಾಗ ‘ಅಟ್’ಗೆ -1 ಕೊಟ್ಟರೆ ಸಾಕು, 2022ರಿಂದ ಈ ಸೌಕರ್ಯ ಇದೆ.

ಕನ್ನಡದಲ್ಲಿ ಊರು, ಹೆಸರು, ಬೆಳೆಗಳ ಪಟ್ಟಿ ತೋರಿಸುವ ಪುಟ ಯಾರ ಕೈಯಲ್ಲಿದೆಯೋ ಅವರಲ್ಲಿ ಒಂದು ಕೋರಿಕೆ. ಪಟ್ಟಿಗೆ ಹೊಸಪೇಟೆ, ಹೊಳಲ್ಕೆರೆ ಎರಡನ್ನೂ ಹಾಕಿ ನೋಡಿ. ಹೊಳಲ್ಕೆರೆ ಮೊದಲು ಬಂದರೆ ‘ಸಾರ್ಟ್’ ಇರುವ ಸಾಲು ಹುಡುಕಿ, ಕೊಲೇಟರ್‌ಗೆ ‘ಕೆಎನ್’ ಎಂದು ಹೇಳಿ ಅದನ್ನು ‘ಸಾರ್ಟ್’ಗೆ ಜೋಡಿಸಿ. ಐದು ನಿಮಿಷದ ಕೆಲಸ, ಇವತ್ತೇ ಮಾಡಿ.